ಮರಕ್ಕೊಂದು ದಪ್ಪ ಲಂಗ

ಆರ್ಡಿಸ್ ಟೋಲೆಫ್ಸನ್‌ಗೆ ದಪ್ಪ ಉಣ್ಣೆ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಹೆಬ್ಬೆರಳಿನಷ್ಟು ದಪ್ಪಗೆ, ನಾಯಿಮರಿಯ ಬಾಲದ ಹಾಗೆ ಉಬ್ಬಿಕೊಂಡಿರುವ ಆ ಎಳೆಯನ್ನು ಅವಳು ಉಣ್ಣೆ ಎಂದು ಕರೆಯಲೇ ಒಪ್ಪುತ್ತಿರಲಿಲ್ಲ. "ಅದು ಹಸು ಕಟ್ಟೋ ಹಗ್ಗ. ಅದರಲ್ಲಿ ಹೆಣಿಯೋಕೆ ಕೈ ಯಾಕೆ, ಕಾಲಿದ್ರೂ ಸಾಕು" ಎನ್ನುತ್ತಿದ್ದಳು. ಅವಳ ಲೆಕ್ಕದಲ್ಲಿ ಕ್ರೋಶಾ ಅಂದರೆ ಹತ್ತಿಯ ಸಣ್ಣ ನೂಲು, ಸೂಜಿಗಿಂತ ತುಸುವೇ ದಪ್ಪದ ಉಕ್ಕಿನ ಕೊಕ್ಕೆಕಡ್ಡಿ, ಉಸಿರು ಬಿಗಿಹಿಡಿದು ಕೂರುವ ತಾಳ್ಮೆ. ಅವಳ ಮೇಜುಹಾಸುಗಳಿಗೆ ಜಿಲ್ಲೆಯ ಬೇಸಿಗೆ ಪ್ರದರ್ಶನದಲ್ಲಿ ಮೊದಲ ಬಹುಮಾನವಾಗಿ ಸಿಕ್ಕ ನೀಲಿ ರಿಬ್ಬನ್ನುಗಳು ಊಟದ ಕೋಣೆಯ ಗೋಡೆ ತುಂಬ ತೂಗುತ್ತಿದ್ದವು. ಮನೆಗೆ ಬಂದವರು ಮೊದಲು ಅವನ್ನು ನೋಡಬೇಕು, ಆಮೇಲೆ ಕಾಫಿ.

ಈ ಉರಿಗೆ ಒಂದು ಹೆಸರೂ ಇತ್ತು. ವರ್ಲಾ. ಆರ್ಡಿಸಳ ಗಂಡ ಗೇಲೆನ್‌ನ ಒಬ್ಬಳೇ ತಂಗಿ. ಊರಾಚೆ ಹೆಪ್ಪುಗಟ್ಟಿದ ಕೆರೆಯ ದಂಡೆಯಲ್ಲಿ ಅವಳ ಮನೆ. ಜೋರು ನಗು, ದೊಡ್ಡ ಕೈ, ಕಾಲಿಗೆ ಗಂಡಸರ ಬೂಟು. ಸ್ವೆನ್‌ಡಾಲ್ ಊರಿನ ಅರ್ಧ ಮನೆಗಳಲ್ಲಿ ಕ್ರಿಸ್ಮಸ್ ಮರದ ಬುಡದ ಕಬ್ಬಿಣದ ಕಾಲುಗಳನ್ನು ಮುಚ್ಚಲು ಸುತ್ತುವ ದುಂಡು ಹಾಸು, ಅಂದರೆ ಎಲ್ಲರೂ ಕರೆಯುವ ಹಾಗೆ ಮರದ ಲಂಗ, ವರ್ಲಾ ಹೆಣೆದದ್ದೇ. ಎಲ್ಲ ದಪ್ಪ ಉಣ್ಣೆಯವು. ಅಂಥ ಮನೆಗೆ ಹೋದಾಗ ಆರ್ಡಿಸ್ ಮರದ ತುದಿಯ ನಕ್ಷತ್ರ ನೋಡಿ "ಚೆನ್ನಾಗಿದೆ" ಎನ್ನುತ್ತಿದ್ದಳು, ಆಮೇಲೆ ಬುಡ ನೋಡಿ, "ಬಾಗಿಲಲ್ಲಿರ್ಬೇಕಾದ ಕಾಲೊರೆಸು ಇಲ್ಲಿಗೆ ಹೇಗೆ ಬಂತು?" ಎಂದು ಕೇಳುತ್ತಿದ್ದಳು.

ಅತ್ತಿಗೆ ನಾದಿನಿಯರ ನಡುವೆ ಮಾತು ನಿಂತದ್ದೂ ಇಂಥದೇ ಒಂದು ಲಂಗದಿಂದ. ಇಪ್ಪತ್ತು ವರ್ಷದ ಹಿಂದೆ ವರ್ಲಾ ತನ್ನ ಮೊದಲ ಲಂಗ ಹೆಣೆದು ಚರ್ಚಿಗೆ ಕೊಡಲು ತಂದಿದ್ದಳು. ಸಭಾಂಗಣದಲ್ಲಿ ಮರ ಆಗಲೇ ನಿಂತು, ದೀಪ ಗೊಂಬೆ ಎಲ್ಲ ಏರಿತ್ತು. ಬಿಚ್ಚಿ ನೋಡಿದರೆ ಲಂಗ ಪೂರ್ತಿ ದುಂಡು. ಕಾಂಡದ ಸುತ್ತ ತಂದು ಹಾಸಲು ಒಂದು ಕಡೆ ಸೀಳು ಇರಬೇಕಲ್ಲ, ಅದನ್ನು ಬಿಡುವುದೇ ಮರೆತಿದ್ದಳು. ವರ್ಲಾ ಕೆಂಪಾಗಿ ನಿಂತಳು. ಯಾರಾದರೂ ಒಂದು ಒಳ್ಳೆಯ ಮಾತಾಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾತಾಡಿದವಳು ಆರ್ಡಿಸ್. "ವರ್ಲಾ, ಈಗ ಮರ ಕಡೀಬೇಕೋ ನಿನ್ನ ಲಂಗ ಹರೀಬೇಕೋ, ನೀನೇ ಹೇಳಮ್ಮ." ಸಭಾಂಗಣವೆಲ್ಲ ನಕ್ಕಿತು. ಆಗಿನ ಪಾದ್ರಿಯೂ ನಕ್ಕ. ವರ್ಲಾ ಲಂಗ ಮಡಚಿಕೊಂಡು ಹೋದವಳು ಮತ್ತೆ ಚರ್ಚಿನ ಮಹಿಳಾ ಮಂಡಳಿಯ ಕಡೆ ತಲೆ ಹಾಕಲಿಲ್ಲ. ಭಾನುವಾರ ಪ್ರಾರ್ಥನೆಗೆ ಬಂದು ಕಡೆಯ ಬೆಂಚಿನಲ್ಲಿ ಕೂತು, ಕಾಫಿಗೆ ನಿಲ್ಲದೆ ಎದ್ದು ಹೋಗುತ್ತಿದ್ದಳು. ಕಾಫಿಗೆ ನಿಲ್ಲದೆ ಹೋಗುವುದೆಂದರೆ ಆ ಊರಿನಲ್ಲಿ ಮುಖಕ್ಕೆ ಬಾಗಿಲು ಹಾಕಿದಂತೆಯೇ. ಅವಳು ಹೋದಮೇಲೆ ಆರ್ಡಿಸ್ ಹತ್ತಿಯ ನೂಲಿನಲ್ಲಿ, ಮಂಜಿನ ಹರಳುಗಳ ಚಿತ್ತಾರ ಹಾಕಿ, ಒಂದು ಚಳಿಗಾಲವೆಲ್ಲ ಕೂತು ಲಂಗವೊಂದನ್ನು ಹೆಣೆದುಕೊಟ್ಟಳು. ಚರ್ಚಿನ ಮರ ಅಂದಿನಿಂದ ಅದನ್ನೇ ಉಟ್ಟುಕೊಂಡು ಬಂದಿತ್ತು.

ನವೆಂಬರಿನಲ್ಲಿ, ಊರ ಗಂಡಸರೆಲ್ಲ ಕಿತ್ತಳೆ ಬಣ್ಣದ ಕೋಟು ತೊಟ್ಟು ಜಿಂಕೆ ಬೇಟೆಗೆ ಕಾಡು ಸೇರಿದ್ದಾಗ, ಮಂಡಳಿಯ ಹೆಂಗಸರು ಚರ್ಚಿನ ನೆಲಮಾಳಿಗೆಯಿಂದ ಕ್ರಿಸ್ಮಸ್ ಪೆಟ್ಟಿಗೆಗಳನ್ನು ಮೇಲೆ ತಂದರು. ಲಂಗದ ಪೆಟ್ಟಿಗೆ ತೆಗೆದವಳು ಮಂಡಳಿಯ ಮುಖ್ಯಸ್ಥೆ ಬರ್ನೀಸ್ ಆಮುಂಡ್ಸನ್. ತೆಗೆದ ಕೂಡಲೇ ಮುಚ್ಚಿದಳು.

"ಆರ್ಡಿಸ್, ನೀವು ನೋಡ್ಬೇಡಿ."

ಆರ್ಡಿಸ್ ನೋಡಿದಳು. ಇಲಿಗಳು ಲಂಗದೊಳಗೆ ಗೂಡು ಕಟ್ಟಿ, ಮರಿ ಹಾಕಿ, ಸಂಸಾರ ಮುಗಿಸಿಕೊಂಡು ಹೋಗಿದ್ದವು. ಮಂಜಿನ ಹರಳುಗಳೆಲ್ಲ ಚೂರು ಚೂರು. ಹೆಂಗಸರು ಉಸಿರು ಬಿಡದೆ ಅವಳ ಮುಖ ನೋಡಿದರು.

"ಇಲಿಗಳಿಗೂ ಒಳ್ಳೇ ಕೆಲಸ ಯಾವುದು ಅಂತ ಗೊತ್ತಾಗತ್ತೆ" ಎಂದಳು ಆರ್ಡಿಸ್. "ವರ್ಲಾ ಹೆಣೆದಿದ್ದಾಗಿದ್ರೆ ಮೂಸೂ ನೋಡ್ತಿರಲಿಲ್ಲ."

ಬರ್ನೀಸ್ ಅಂಜುತ್ತಲೇ ಅಂದಳು: "ಅದೇ ಹೇಳೋಣ ಅಂತಿದ್ದೆ. ವರ್ಲಾನ ಒಂದು ಮಾತು ಕೇಳೋಣ್ವಾ? ಅವಳು ಶನಿವಾರ ಭಾನುವಾರದೊಳಗೆ ಒಂದು ಲಂಗ ಮುಗಿಸ್ತಾಳಂತೆ."

"ಶನಿವಾರ ಭಾನುವಾರದೊಳಗೆ ಬಂದು ಹೋಗೋದು ನೆಗಡಿ, ಬರ್ನೀಸ್. ಲಂಗ ಅಲ್ಲ. ನಾನೇ ಹೆಣೀತೀನಿ."

ಹಾಗೆ ಅನ್ನುವಾಗಲೇ ಕೋಟಿನ ಜೇಬಿನೊಳಗೆ ಅವಳ ಬಲಗೈ ಹೆಬ್ಬೆರಳು ಬುಡದಿಂದ ಸಿಡಿಯಿತು.

ಅವಳ ಕೈ ಹೋಗಿತ್ತು. ಯಾರಿಗೂ ಗೊತ್ತಿರಲಿಲ್ಲ. ಹೆಬ್ಬೆರಳಿನ ಕೀಲು ಸವೆದಿದೆ, ಸಣ್ಣ ಕೆಲಸ ಬಿಡಿ ಎಂದು ಡಾಕ್ಟರು ಹೇಳಿ ಬೆರಳಿಗೆ ಕಟ್ಟುವ ಒಂದು ಪಟ್ಟಿ ಕೊಟ್ಟಿದ್ದರು. ಅದನ್ನು ಅವಳು ಅಡುಗೆಮನೆಯ ಸೆಳೆಖಾನೆಯಲ್ಲಿ ಪಾತ್ರೆ ಒರೆಸುವ ಬಟ್ಟೆಗಳ ಕೆಳಗೆ ಬಚ್ಚಿಟ್ಟು, ಒಬ್ಬಳೇ ಇದ್ದಾಗ ಮಾತ್ರ ಕಟ್ಟಿಕೊಳ್ಳುತ್ತಿದ್ದಳು. ಈಸ್ಟರ್ ಹಬ್ಬದಿಂದೀಚೆಗೆ ಅವಳು ಮಂಡಳಿಯಲ್ಲಿ ಒಂದು ಕುಣಿಕೆಯನ್ನೂ ಹಾಕಿರಲಿಲ್ಲ. ಬೇರೆಯವರು ಹೆಣೆದದ್ದನ್ನು ಕೈಗೆತ್ತಿಕೊಂಡು, ಹಿಂದು ಮುಂದು ತಿರುಗಿಸಿ, ತಪ್ಪು ತೋರಿಸಿ ಕೊಡುತ್ತಿದ್ದಳು. ಬೈಯುವವಳ ಕೈ ಖಾಲಿ ಇದೆಯೆಂದು ಯಾರು ನೋಡುತ್ತಾರೆ? ಎಲ್ಲರಿಗೂ ತಮ್ಮ ತಮ್ಮ ತಪ್ಪಿನದೇ ಚಿಂತೆ.

ಗೇಲೆನ್ ಬೇಟೆಯ ಡೇರೆಯಲ್ಲಿದ್ದ. ಮನೆ ಖಾಲಿ. ಆರ್ಡಿಸ್ ಅಡುಗೆಮನೆಯ ಕಿಟಕಿಯ ಬಳಿ ಬೆಳಕಿಗೆ ಕೂತು ಹತ್ತಿಯ ನೂಲು ಹಿಡಿದಳು. ಸರಪಳಿ ಹಾಕಿದಳು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಹೆಬ್ಬೆರಳು ಕೆಂಡ. ಕಡ್ಡಿ ನೆಲಕ್ಕೆ ಬಿತ್ತು. ಎತ್ತಿದಳು, ಮತ್ತೆ ಬಿತ್ತು. ಮರುದಿನ ಹಾಗೆಯೇ, ಅದರ ಮರುದಿನವೂ. ಅಷ್ಟು ಬೆಳಗುಗಳ ಫಲವಾಗಿ ಮೇಜಿನ ಮೇಲೆ ಉಳಿದದ್ದು ಒಂದು ಕಾಫಿ ಬಟ್ಟಲಿನ ಕೆಳಗಿಡಬಹುದಾದ ತುಂಡು, ಅದೂ ಡೊಂಕು. ಅವಳು ಅಳಲಿಲ್ಲ. ಅಳುವುದು, ಅವಳ ಪ್ರಕಾರ, ದಪ್ಪ ಉಣ್ಣೆಯವರ ಕೆಲಸ. ಕಾರು ತೆಗೆದುಕೊಂಡು ಸ್ವೆನ್‌ಡಾಲಿನ ಯಾರ ಕಣ್ಣಿಗೂ ಬೀಳದಿರಲೆಂದು ದೂರದ ಡುಲುತ್ ನಗರಕ್ಕೆ ಹೊರಟಳು.

ಅಂಗಡಿಯ ಕಡೆಯ ಸಾಲಿನಲ್ಲಿ ದಪ್ಪ ಉಣ್ಣೆಯ ಉಂಡೆಗಳು ಕೋಸುಗೆಡ್ಡೆಗಳಂತೆ ರಾಶಿ ಬಿದ್ದಿದ್ದವು. ಆರ್ಡಿಸ್ ಅತ್ತಿತ್ತ ನೋಡಿ ಒಂದನ್ನು ಮುಟ್ಟಿದಳು. ಅದು ಇಷ್ಟು ಮೆತ್ತಗಿದ್ದದ್ದೇ ಅವಳಿಗೆ ಅವಮಾನವೆನಿಸಿತು. ನಾಚಿಕೆಯಿಲ್ಲದ ಮೆತ್ತನೆ. ಬುಟ್ಟಿಗೆ ಬಿಳಿ, ಕೆಂಪು ಉಂಡೆಗಳನ್ನು ತುರುಕುತ್ತಿದ್ದಾಗ ಬೆನ್ನ ಹಿಂದೆ ದನಿ ಕೇಳಿಸಿತು.

"ಅತ್ತಿಗೆ! ನೀವಾ? ದಾರಿ ತಪ್ಪಿ ಬಂದ್ರಾ?"

ಇಪ್ಪತ್ತು ವರ್ಷ ಆದಮೇಲೆ ವರ್ಲಾ ಆಡಿದ ಮೊದಲ ಮಾತು ಇದು. ಆರ್ಡಿಸ್ ಬುಟ್ಟಿಯನ್ನು ಕೋಟಿನ ಮರೆಗೆ ಎಳೆದುಕೊಂಡಳು.

"ನಾಯಿಗೆ" ಅಂದಳು. "ನಾಯಿ ಮಲಗೋಕೆ ಹಾಸಿಗೆ."

"ನಿಮ್ಮ ನಾಯಿ ಸತ್ತು ಮೂರು ವರ್ಷ ಆಯ್ತಲ್ಲ."

"ಹೊಸದು ತರ್ತೀವಿ."

"ಓಹೋ." ವರ್ಲಾ ಕತ್ತು ಉದ್ದ ಮಾಡಿ ಬುಟ್ಟಿಗೆ ಇಣುಕಿದಳು. "ಕೆಂಪು ಬಿಳಿ. ಕ್ರಿಸ್ಮಸ್ ನಾಯಿ. ಇಷ್ಟು ಉಣ್ಣೆ ನೋಡಿ ನಾನು ಕುದುರೆ ತರ್ತಿದ್ದೀರೇನೋ ಅಂದ್ಕೊಂಡೆ." ಆಮೇಲೆ ಆರ್ಡಿಸಳ ಕೈಯಲ್ಲಿದ್ದ ಕಡ್ಡಿ ನೋಡಿದಳು. "ಅದು ಈ ಉಣ್ಣೆಗೆ ಸಣ್ಣದಾಯ್ತು. ಹಾಸಿಗೆ ಕಲ್ಲಾಗತ್ತೆ, ಪಾಪ, ನಾಯಿಗೆ ಒತ್ತತ್ತೆ. ಪಕ್ಕದ್ದು ತಗೊಳ್ಳಿ, ದಪ್ಪಂದು."

"ನಲವತ್ತು ವರ್ಷ ಕೊಕ್ಕೆ ಹಿಡಿದವಳಿಗೆ ಕಡ್ಡಿ ಆರಿಸೋದು ನೀನು ಹೇಳ್ಕೊಡ್ಬೇಕಾ?" ಎಂದು ಆರ್ಡಿಸ್ ಆ ಸಣ್ಣ ಕಡ್ಡಿಯನ್ನೇ ಹಟಕ್ಕೆ ಕೊಂಡುಕೊಂಡು ಬಂದಳು. ಮನೆ ತನಕ ದಾರಿಯುದ್ದ ಹಿಮ ಬೀಳುತ್ತಲೇ ಇತ್ತು. ಅವಳು ಹಿಮವನ್ನೂ ಬೈದಳು, ವರ್ಲಾಳನ್ನೂ ಬೈದಳು, ಮೂರು ವರ್ಷದ ಹಿಂದೆ ಸತ್ತ ನಾಯಿಯನ್ನೂ ಬಿಡಲಿಲ್ಲ.

ಲಂಗ ಬೇಗ ಬೆಳೆಯಿತು. ಅದೇ ಮೊದಲ ಅನುಮಾನ. ಒಳ್ಳೆಯದು ಎಂದಾದರೂ ಇಷ್ಟು ಬೇಗ ಬೆಳೆಯುತ್ತದೆಯೇ? ಉಣ್ಣೆಯ ರೋಮ ಮುಚ್ಚಿಕೊಂಡು ಹಿಂದಿನ ಸಾಲಿನ ಕುಣಿಕೆ ಕಾಣುತ್ತಲೇ ಇರಲಿಲ್ಲ. ಕುರುಡಿಯ ಹಾಗೆ ಚುಚ್ಚಿ ಚುಚ್ಚಿ ಹುಡುಕಬೇಕು. ನೂಲಿನ ಅಭ್ಯಾಸದ ಕೈ ಪ್ರತಿ ಕುಣಿಕೆಯನ್ನೂ ಬಿಗಿದು ಎಳೆಯುತ್ತಿತ್ತು. ಸೀಳು ಬಿಟ್ಟು, ಸಾಲಿನ ಕೊನೆಗೆ ತಿರುಗಿಸಿ, ಲೆಕ್ಕ ತಪ್ಪದೆ ಹೆಚ್ಚಿಸುತ್ತ ಹೋದಳು. ಲೆಕ್ಕವೆಲ್ಲ ಸರಿ. ಆದರೆ ನೆಲಕ್ಕೆ ಹಾಸಿದರೆ ಅದು ಮಲಗಲಿಲ್ಲ, ಎದ್ದು ನಿಂತಿತು.

ಗೇಲೆನ್ ಕಾಡಿನಿಂದ ಬಂದ ದಿನ ಅದು ಅಡುಗೆಮನೆಯ ನೆಲದ ಮೇಲೆ ಹಾಗೇ ನಿಂತಿತ್ತು. ಅವನು ಹಿಮ ಮೆತ್ತಿದ ಬೂಟು ಬಿಚ್ಚುತ್ತ ಬಹಳ ಹೊತ್ತು ಅದನ್ನೇ ನೋಡಿದ. ಗೇಲೆನ್ ಬದುಕಿಡೀ ಹಾಲಿನ ಹಸು ಸಾಕಿದವನು, ಮಾತಿಗಿಂತ ಮೌನವೇ ಅವನಿಗೆ ಸಲೀಸು.

"ಬಕೆಟ್ಟೇನೇ ಇದು?"

"ಲಂಗ ರೀ. ಚರ್ಚಿನ ಮರಕ್ಕೆ."

"ಒಂದು ಕಡೆ ಸೀಳಿದೆ. ಹಾಲು ನಿಲ್ಲಲ್ಲ."

"ನಿಮ್ಮ ಹಾಲು ಯಾರಿಗೆ ಬೇಕು! ಎರಡು ವಾರ ಸ್ನಾನ ಇಲ್ಲದೆ ಬಂದು ನನ್ನ ಕೆಲಸಕ್ಕೆ ಮೂಗು ಮುರೀತೀರಾ?"

ಗೇಲೆನ್‌ನ ಕಣ್ಣು ಅವಳ ಹೆಬ್ಬೆರಳಿನ ಬುಡದ ಮೇಲಿತ್ತು. ಅದು ಊದಿ ಹೊಳೆಯುತ್ತಿತ್ತು. ಅವಳು ಕೈಯನ್ನು ಏಪ್ರನ್ನಿನ ಕೆಳಗೆ ಎಳೆದುಕೊಂಡಳು. ಅವನು ಎದ್ದು ಸ್ನಾನಕ್ಕೆ ಹೋದ. ಮರುದಿನ ಬೆಳಿಗ್ಗೆ ಹೇಳದೆ ಕೇಳದೆ ಟ್ರಕ್ಕು ತೆಗೆದುಕೊಂಡು ಹೋದವನು, ಆರ್ಡಿಸ್ ಊಟಕ್ಕೆ ಆಲೂಗಡ್ಡೆ ಮಾಂಸ ಜೋಡಿಸಿ ಒಲೆಗಿಡುತ್ತಿದ್ದ ಹೊತ್ತಿಗೆ ವಾಪಸು ಬಂದ. ಟ್ರಕ್ಕಿನ ಇನ್ನೊಂದು ಬಾಗಿಲಿನಿಂದ ವರ್ಲಾ ಇಳಿದಳು.

"ನಿನ್ನನ್ನ ಯಾರು ಕರೆದ್ರು?" ಎಂದಳು ಆರ್ಡಿಸ್, ಬಾಗಿಲಿಗೆ ಅಡ್ಡ ನಿಂತು.

"ಅಣ್ಣ ಕರೆದ. ಹೊಸ ನಾಯಿ ನೋಡಿಕೊಂಡು ಹೋಗೋಣ ಅಂತ ಬಂದೆ."

ವರ್ಲಾ ಅವಳನ್ನು ಬದಿಗೆ ಸರಿಸಿಕೊಂಡು ಒಳಗೆ ಬಂದು, ಲಂಗವನ್ನು ಎತ್ತಿ ಮೇಜಿಗೆ ಒಂದು ಬಡಿದಳು. ಉಣ್ಣೆ ಮಾಡಬಾರದ ಸದ್ದು ಬಂತು. "ಇದನ್ನ ಮಕ್ಕಳಿಗೆ ಕೊಡಿ ಅತ್ತಿಗೆ. ಕೂತ್ಕೊಂಡು ಗುಡ್ಡದಿಂದ ಜಾರ್ತಾರೆ." ಗೇಲೆನ್ ಕೊಟ್ಟಿಗೆ ಕಡೆ ಏನೋ ಕೆಲಸ ನೆನಪಾದವನ ಹಾಗೆ ಹೊರಟುಬಿಟ್ಟ. ಹೆಂಗಸರಿಬ್ಬರೇ ಉಳಿದರು.

"ಕಲಿಸ್ತೀನಿ" ಎಂದಳು ವರ್ಲಾ, ಕುರ್ಚಿ ಎಳೆದುಕೊಂಡು. "ಅಣ್ಣನಿಗೋಸ್ಕರ. ಆದ್ರೆ ಒಂದು ಮಾತು. ಮರ ಅಲಂಕಾರ ಮಾಡೋ ದಿನ, ಎಲ್ಲರ ಎದುರು, ಇದನ್ನ ನನಗೆ ವರ್ಲಾ ಕಲಿಸಿದ್ದು ಅಂತ ನೀವು ಬಾಯಿಬಿಟ್ಟು ಹೇಳ್ಬೇಕು. ಅಷ್ಟೇ."

"ಅಷ್ಟೇನಾ? ಅದರ ಬದಲು ಒಂದು ಕಿಡ್ನಿ ಕೇಳಿದ್ರೆ ಕೊಡ್ತಿದ್ದೆ."

"ನಿಮ್ಮ ಕಿಡ್ನಿ ಯಾರಿಗೆ ಬೇಕು? ಅದೂ ನನ್ನನ್ನ ಒಳಗಿಂದ ಬೈತಾ ಇರತ್ತೆ."

ಆರ್ಡಿಸ್‌ಗೆ ನಗು ಬಂದುಬಿಡುತ್ತಿತ್ತು, ತಡೆದುಕೊಂಡಳು. ಮೇಜಿನ ಕೆಳಗೆ ಹೆಬ್ಬೆರಳು ಮಿಡಿಯುತ್ತಿತ್ತು. ಆಗಲಿ ಎಂದಳು, ಕಹಿ ಮಾತ್ರೆ ನುಂಗಿದವಳ ಹಾಗೆ.

ಬಿಗಿಯಾಗಿ ಹೆಣೆದದ್ದನ್ನೆಲ್ಲ ವರ್ಲಾ ನಿರ್ದಯವಾಗಿ ಬಿಚ್ಚಿ ಹಾಕಿದಳು. ತನ್ನ ಚೀಲದಿಂದ ಪೊರಕೆಯ ಹಿಡಿಯಷ್ಟು ದಪ್ಪದ ಮರದ ಕಡ್ಡಿ ತೆಗೆದು ಕೊಟ್ಟಳು. "ಪೆನ್ಸಿಲ್ ಥರ ಹಿಡೀಬೇಡಿ. ಚಾಕು ಹಿಡಿದ ಹಾಗೆ ಮುಷ್ಟಿ ಪೂರ್ತಿ ಹಿಡೀರಿ. ಅದು ನಿಮಗೆ ಅಭ್ಯಾಸ ಇರ್ಬೇಕು. ಕಣ್ಣಲ್ಲಿ ಹುಡುಕ್ಬೇಡಿ, ಕಾಣಲ್ಲ. ಬೆರಳಲ್ಲಿ ಮುಟ್ಟಿ ನೋಡಿ. ಭಾರ ಮಡಿಲಲ್ಲಿ ಇಟ್ಕೊಬೇಡಿ, ಮೇಜಿನ ಮೇಲೆ ಹರಡಿ. ಮತ್ತೆ ಎಳೀತೀರಲ್ಲ! ಅದು ಹಸು ಕೆಚ್ಚಲು ಅಲ್ಲ, ಬಿಡಿ ಅದನ್ನ."

ಮುಷ್ಟಿಯಲ್ಲಿ ಹಿಡಿದು, ಮೊಣಕೈಯಿಂದ ಎಳೆದು ನೋಡಿದಳು ಆರ್ಡಿಸ್. ಒಂದು ಕುಣಿಕೆ, ಇನ್ನೊಂದು, ಒಂದು ಇಡೀ ಸಾಲು. ಹೆಬ್ಬೆರಳು ಸುಮ್ಮನಿತ್ತು. ಈಸ್ಟರ್‌ನಿಂದ ಮೊದಲ ಬಾರಿಗೆ ಅವಳ ಕೈಯೊಳಗಿನಿಂದ ಏನೋ ಹುಟ್ಟಿ ಬರುತ್ತಿತ್ತು, ನೋವಿಲ್ಲದೆ. ಅದರ ಹಿಂದೆಯೇ ಸಿಟ್ಟು ಬಂತು: ಬಂದರೆ ಬರಬಾರದಿತ್ತೇ ಈ ಸುಖ ಯಾವುದಾದರೂ ಚೆಂದದ ವಸ್ತುವಿನಿಂದ! ಇಂಥ ಕೊಬ್ಬಿದ ಹಗ್ಗದಿಂದಲೇ ಬರಬೇಕಿತ್ತೇ!

ಆ ಬೆಳಗಿನಿಂದ ವರ್ಲಾ ದಿನ ಬಿಟ್ಟು ದಿನ ಬಂದಳು. ಬಂದಾಗಲೆಲ್ಲ ಬೂಟು ಬಿಚ್ಚುವ ಮೊದಲೇ ಜಗಳ. ಆರ್ಡಿಸ್ ಅವಳ ನಡಿಗೆಯಲ್ಲಿ ತಪ್ಪು ಹುಡುಕಿದಳು, ಅವಳು ಕಾಫಿ ಕುಡಿಯುವ ಸದ್ದಿನಲ್ಲೂ ತಪ್ಪು ಹುಡುಕಿದಳು. ವರ್ಲಾ ಗೋಡೆಯ ಮೇಲಿನ ರಿಬ್ಬನ್ನುಗಳನ್ನು ನೋಡಿ, "ಇಷ್ಟೊಂದು ಬಹುಮಾನ, ಅತ್ತಿಗೆ! ಸ್ಪರ್ಧೇಲಿ ಬೇರೆ ಯಾರೂ ಇರ್ತಿರಲಿಲ್ವಾ?" ಎಂದು ಕೇಳಿದಳು. ಒಲೆಯ ಮೇಲೆ ಏನೋ ಬೇಯುತ್ತಿತ್ತು, ಹೊರಗೆ ಹಿಮ ಸುರಿಯುತ್ತಿತ್ತು, ಮೇಜಿನ ಮೇಲೆ ಕೆಂಪು ಬಿಳಿ ಲಂಗ ಅಗಲವಾಗುತ್ತ ಹೋಯಿತು. ಬರಬೇಕಾದ ದಿನ ವರ್ಲಾ ತಡ ಮಾಡಿದರೆ ಆರ್ಡಿಸ್ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಯಾಕೆಂದು ಗೇಲೆನ್ ಕೇಳಿದರೆ, "ಹಿಮ ಎಷ್ಟು ಬಿದ್ದಿದೆ ನೋಡ್ತಿದ್ದೆ" ಎನ್ನುತ್ತಿದ್ದಳು.

ಹೆಬ್ಬೆರಳಿನ ಸುದ್ದಿಯನ್ನು ಮಾತ್ರ ಅವಳು ವರ್ಲಾಳಿಗೆ ಹೇಳಲಿಲ್ಲ. ಅತ್ತಿಗೆಗೆ ಬೇಗ ಮುಗಿಸುವ ಆಸೆಗೆ ದಪ್ಪ ಉಣ್ಣೆ ಬೇಕಾಯಿತು ಎಂದೇ ವರ್ಲಾ ತಿಳಿದಿದ್ದಳು.

"ಕೊನೇ ಸಾಲು ನೀವೊಬ್ರೇ ಹಾಕಿ" ಎಂದಳು ವರ್ಲಾ, ಕಡೆಯ ದಿನ ಏಳುತ್ತ. "ನಿಮ್ಮದು ಅಂತ ಅನ್ನಿಸ್ಲಿ. ಸಡಿಲ ಬಿಡಿ, ಅಷ್ಟೇ."

ಆ ಮಧ್ಯಾಹ್ನ ಆರ್ಡಿಸ್ ಒಬ್ಬಳೇ ಕೂತು ಕೊನೆಯ ಸಾಲು ಹಾಕಿದಳು. ಪ್ರತಿ ಕುಣಿಕೆಗೂ ಆ ಒಂದು ವಾಕ್ಯವನ್ನು ಬಾಯಲ್ಲಿ ಹೊರಳಿಸಿ ನೋಡಿದಳು. ವರ್ಲಾ ಕಲಿಸಿದ್ದು. ನನಗೆ ವರ್ಲಾ ಕಲಿಸಿದ್ದು. ಹೇಗೆ ಹೊರಳಿಸಿದರೂ ಅದು ಗಂಟಲಿಗೆ ಅಡ್ಡ ನಿಲ್ಲುತ್ತಿತ್ತು. ಕೈ ತನಗೆ ತಾನೇ ಬಿಗಿಯಿತು.

ಮರ ಅಲಂಕರಿಸುವ ಶನಿವಾರ ಸಭಾಂಗಣದಲ್ಲಿ ಕಾಫಿಯ ದೊಡ್ಡ ಪಾತ್ರೆ ಕುದಿಯುತ್ತಿತ್ತು, ಮೇಜಿನ ತುಂಬ ಬೆಣ್ಣೆ ಬಿಸ್ಕತ್ತು, ಸಕ್ಕರೆ ಉದುರಿಸಿ ಸುತ್ತಿದ ಲೆಫ್ಸೆ ರೊಟ್ಟಿ. ಗಂಡಸರು ಮರ ನಿಲ್ಲಿಸಿದ್ದರು. ಗೇಲೆನ್ ಏಣಿಯ ಮೇಲೆ ದೀಪದ ಸರ ಹಿಡಿದು ನಿಂತಿದ್ದ. ವರ್ಲಾ ಬಂದಿದ್ದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಕೋಣೆಯೊಳಗೆ, ಕೈಯಲ್ಲಿ ಕಾಫಿ ಬಟ್ಟಲು. ಗಂಡಸರ ಬೂಟು ಇರಲಿಲ್ಲ. ಹೊಸ ನೀಲಿ ಸ್ವೆಟರು, ತುಟಿಗೆ ಬಣ್ಣ. ಆ ಬಣ್ಣ ಒಂದು ಕಡೆ ತುಸು ಗೆರೆ ದಾಟಿತ್ತು. ಆರ್ಡಿಸ್ ಅದನ್ನು ನೋಡಬಾರದೆಂದುಕೊಂಡರೂ ನೋಡಿದಳು.

ಲಂಗ ಬಿಚ್ಚಿ ಹರಡಿದಾಗ ಹೆಂಗಸರೆಲ್ಲ ಸುತ್ತ ನೆರೆದರು. ದಪ್ಪ ಉಣ್ಣೆ! ಆರ್ಡಿಸಳ ಕೈಯಿಂದ!

"ಇದು... ನೀವೇ ಹೆಣೆದಿದ್ದಾ?" ಎಂದಳು ಬರ್ನೀಸ್.

ಹೇಳಬೇಕೆಂದೇ ಆರ್ಡಿಸ್ ಬಾಯಿ ತೆರೆದಳು. ಅದರಲ್ಲಿ ಮೋಸವಿರಲಿಲ್ಲ. "ವರ್ಲಾ ಕಲಿಸಿದ್ಲು" ಎಂದಳು. ವರ್ಲಾಳ ಮುಖ ಅರಳಿತು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಎಲುಬಿಲ್ಲದ ನಾಲಿಗೆ ಎಪ್ಪತ್ತು ವರ್ಷ ಓಡಿದ ದಾರಿಯನ್ನು ಒಂದು ಗಳಿಗೆಯಲ್ಲಿ ಬಿಡುತ್ತದೆಯೇ? "ಅದಕ್ಕೇ ಹೀಗಿದೆ."

ನಗು ಸಿಡಿಯಿತು. ಅದು ಹಳೆಯ ನಗುವೇ. ಆಗ ನಕ್ಕವರಲ್ಲಿ ಸಾಯದೆ ಉಳಿದವರೆಲ್ಲ ಅಲ್ಲೇ ಇದ್ದರಲ್ಲ. ಬರ್ನೀಸ್ ಲೆಫ್ಸೆ ತುಂಬಿದ ಬಾಯಿ ಮುಚ್ಚಿಕೊಂಡು ನಕ್ಕಳು. ಏಣಿಯ ಮೇಲಿದ್ದ ಗೇಲೆನ್ ಒಬ್ಬ ನಗಲಿಲ್ಲ. ರಸ್ತೆಯಲ್ಲಿ ಜಾರಿ ಬಿದ್ದವರನ್ನು ಕಂಡು ಮರ್ಯಾದೆಗಾಗಿ ಮುಖ ತಿರುಗಿಸುತ್ತಾರಲ್ಲ, ಹಾಗೆ ಹೆಂಡತಿಯಿಂದ ಮುಖ ತಿರುಗಿಸಿದ.

ವರ್ಲಾ ಬಟ್ಟಲು ಕೆಳಗಿಟ್ಟಳು. ಕೋಟು ತೊಟ್ಟಳು. ಹತ್ತಿರ ಬಂದು, ದನಿ ಏರಿಸದೆ, ಮರ್ಯಾದೆಯ ಬಹುವಚನವನ್ನು ಬಿಟ್ಟುಬಿಟ್ಟಳು.

"ನೀನು ಸಾಯೋ ಹೊತ್ತಲ್ಲೂ ಪಾದ್ರಿ ಕೋಟಿನ ಗುಂಡಿ ಸರಿಯಿಲ್ಲ ಅಂದೇ ಸಾಯ್ತೀಯ. ನಾನೇ ದಡ್ಡಿ. ತುಟಿಗೆ ಬೇರೆ ಬಣ್ಣ ಹಚ್ಕೊಂಡು ಬಂದೆ."

ಅವಳು ಬಾಗಿಲ ಕಡೆ ತಿರುಗಿದಳು. ಆರ್ಡಿಸ್ ಸುತ್ತ ನೋಡಿದಳು. ನಗುತ್ತಿದ್ದ ಮುಖಗಳೆಲ್ಲ ಅವಳ ಕಡೆಗಿದ್ದವು, ಇನ್ನೊಂದು ಮಾತು ಬೀಳಲೆಂದು ಕಾಯುತ್ತಿದ್ದವು. ತಟ್ಟೆ ಚಾಚಿ ನಿಂತವರ ಹಾಗೆ. ಇಷ್ಟು ವರ್ಷ ತಾನು ಬಡಿಸಿದ್ದು ಇವರಿಗೇ ಎಂದು ಅವಳಿಗೆ ಹೇಸಿಗೆಯಾಯಿತು. ಅವರ ಮೇಲೋ, ತನ್ನ ಮೇಲೋ, ಬಿಡಿಸಿ ನೋಡಲು ಹೊತ್ತಿರಲಿಲ್ಲ. ಕೈಚೀಲದೊಳಗೆ ಕೈ ಹಾಕಿ ಹೆಬ್ಬೆರಳಿನ ಪಟ್ಟಿ ತೆಗೆದು ಮೇಜಿನ ಮೇಲೆ, ಬಿಸ್ಕತ್ತಿನ ತಟ್ಟೆಯ ಪಕ್ಕ ಎಸೆದಳು.

"ನಗಿ, ಇದಕ್ಕೂ ನಗಿ" ಎಂದಳು. "ನನ್ನ ಕೈ ಹೋಗಿದೆ. ಈಸ್ಟರ್‌ನಿಂದ ನಾನು ಮಂಡಳೀಲಿ ಒಂದು ಕುಣಿಕೆ ಹಾಕಿಲ್ಲ. ನಿಮ್ಮ ಹೆಣಿಗೇಲಿ ತಪ್ಪು ತೋರಿಸ್ಕೊಂಡು ಕಾಲ ಕಳೆದೆ, ನಿಮ್ಮಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ, ಅಷ್ಟು ಜಾಣರು ನೀವು. ವರ್ಲಾ ಬರದೆ ಇದ್ದಿದ್ರೆ ಈ ಮರ ಬೆತ್ತಲೆ ನಿಂತಿರೋದು. ಅವಳು ಕಲಿಸಿದ್ಲು. ಚೆನ್ನಾಗೇ ಕಲಿಸಿದ್ಲು. ಉಳಿದಿದ್ದು ನಾನು ಅಂದಿದ್ದು... ಅದು ನನ್ನ ಬಾಯಿಯ ಕೊಳಕು. ಅದಕ್ಕೂ ಅವಳಿಗೂ ಸಂಬಂಧ ಇಲ್ಲ."

ಯಾರೂ ನಗಲಿಲ್ಲ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟ ವರ್ಲಾ ಅಲ್ಲೇ ನಿಂತಿದ್ದಳು. ಅವಳ ಕಣ್ಣು ಪಟ್ಟಿಯ ಮೇಲೆ, ಆಮೇಲೆ ಆರ್ಡಿಸಳ ಕೈಯ ಮೇಲೆ.

"ಇಪ್ಪತ್ತು ವರ್ಷ ಕಾದಿದ್ದೆ ಅತ್ತಿಗೆ" ಎಂದಳು ಕಡೆಗೆ, "ನೀವು ಒಂದು ಸಲ ಎಲ್ಲರ ಎದುರು ತಲೆ ತಗ್ಗಿಸೋದು ನೋಡೋಕೆ. ಈಗ ನೋಡಿದ್ರೆ ಅದರಲ್ಲಿ ರುಚಿಯೇ ಇಲ್ಲ. ಕೈ ನೋವು ಅಂತ ಸೇರಿಸಿ ಅದನ್ನೂ ಕೆಡಿಸಿಬಿಟ್ರಿ. ನಾನಿನ್ನು ಸಿಟ್ಟಾದ್ರೂ ಹೇಗೆ ಮಾಡ್ಕೊಳ್ಲಿ?"

"ಮಾಡ್ಕೋ. ನಿನಗೆ ಬರತ್ತೆ."

ವರ್ಲಾ ಮೂಗಿನಲ್ಲೇ ಒಂದು ಸದ್ದು ಮಾಡಿದಳು. ಬಂದು ಲಂಗದ ಅಂಚು ಎತ್ತಿ ನೋಡಿದಳು. ಅದು ಹಪ್ಪಳದಂತೆ ಮೇಲಕ್ಕೆ ಮಡಚಿಕೊಂಡಿತ್ತು. "ಕೊನೇ ಸಾಲು ಎಳೆದು ಹಾಕಿದ್ದೀರಿ. ಬಿಚ್ಚಿ."

"ಈಗ್ಲಾ? ಎಲ್ಲರೂ ಕಾಯ್ತಿದ್ದಾರೆ."

"ಕಾಯಲಿ. ನಗೋಕೆ ಹೊತ್ತಿತ್ತು, ಕಾಯೋಕೆ ಇಲ್ವಾ?"

ಇಬ್ಬರೂ ಉದ್ದ ಮೇಜಿಗೆ ಕೂತರು. ವರ್ಲಾ ಕೋಟು ಬಿಚ್ಚಲಿಲ್ಲ. ಯಾವಾಗ ಬೇಕಾದರೂ ಎದ್ದು ಹೋಗುವವಳಂತೆ ಗುಂಡಿ ಹಾಕಿಕೊಂಡೇ ಕೂತಳು. ಆರ್ಡಿಸ್ ಪಟ್ಟಿಯನ್ನು ಎಲ್ಲರ ಕಣ್ಣೆದುರೇ ಕಟ್ಟಿಕೊಂಡು, ಕೊನೆಯ ಸಾಲು ಬಿಚ್ಚಿ, ಕೈಚೀಲದಿಂದ ತೆಗೆದ ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದು ಹೊಸ ಸಾಲು ಹಾಕಿದಳು. "ಸಡಿಲ" ಎಂದಳು ವರ್ಲಾ. "ಗೊತ್ತು" ಎಂದಳು ಆರ್ಡಿಸ್. "ಗೊತ್ತಿದ್ರೆ ಮಾಡಿ." ಹೆಂಗಸರು ಸುತ್ತ ನಿಂತು ಇದ್ದಕ್ಕಿದ್ದಂತೆ ವರ್ಲಾಳ ಕೈಚಳಕವನ್ನು ಹೊಗಳತೊಡಗಿದರು. ತಮಗೆ ಮೊದಲಿನಿಂದಲೂ ಅವಳ ಲಂಗ ಎಂದರೆ ಇಷ್ಟ, ಹೇಳಲು ಸಂದರ್ಭ ಬಂದಿರಲಿಲ್ಲ, ಅಷ್ಟೇ. ಆರ್ಡಿಸ್ ಕಣ್ಣೆತ್ತಿ ಒಮ್ಮೆ ನೋಡಿದಳು. ಹೊಗಳಿಕೆ ನಿಂತಿತು.

ಲಂಗವನ್ನು ಸುತ್ತಿ ಮರದ ಬುಡಕ್ಕೆ ಹಾಸಿದಾಗ ಅದು ಹೇಳಿದ ಮಾತು ಕೇಳುವ ಮಗುವಿನಂತೆ ಚಪ್ಪಟೆಯಾಗಿ ಮಲಗಿತು.

ಭಾನುವಾರ ಪ್ರಾರ್ಥನೆಯ ಹೊತ್ತಿನಲ್ಲಿ ತೆರೆದ ಬಾಗಿಲಿನಿಂದ ಸಭಾಂಗಣದ ಮರ ಆರ್ಡಿಸಳ ಬೆಂಚಿಗೆ 'ನನ್ನ ನೋಡು' ಎಂಬಂತೆ ಕಾಣುತ್ತಿತ್ತು. ಲಂಗ ಅಷ್ಟು ದೂರದಿಂದಲೂ ದಪ್ಪ, ಅಷ್ಟು ದೂರದಿಂದಲೂ ಒರಟು. ಮಂಜಿನ ಹರಳಿಲ್ಲ, ಚಿತ್ತಾರವಿಲ್ಲ, ನಯವಿಲ್ಲ. ಎಂಥ ಕೊಳಕು ಎಂದುಕೊಳ್ಳುತ್ತ ಅವಳು ಅದನ್ನೇ ನೋಡುತ್ತಿದ್ದಳು. ಪಾದ್ರಿ ಏನು ಬೋಧಿಸಿದರೆಂದು ಗೇಲೆನ್ ಆಮೇಲೆ ಕೇಳಿದಾಗ ಅವಳಿಗೆ ಒಂದು ಮಾತೂ ನೆನಪಿರಲಿಲ್ಲ.

ಪ್ರಾರ್ಥನೆ ಮುಗಿದಮೇಲೆ ವರ್ಲಾ ಕಾಫಿಗೆ ನಿಂತಳು. ನಿಂತೇ ಕುಡಿದಳು, ಕೋಟಿನಲ್ಲೇ. ಮಂಡಳಿಗೆ ಮತ್ತೆ ಬಾ ಎಂದು ಬರ್ನೀಸ್ ಕರೆದದ್ದಕ್ಕೆ, "ಬರಲ್ಲ. ನಿಮ್ಮ ಮಂಡಳೀಲಿ ಬಾಯಿ ಜಾಸ್ತಿ, ಕೈ ಕಮ್ಮಿ" ಎಂದುಬಿಟ್ಟಳು. ಬರ್ನೀಸ್ ಸ್ವಲ್ಪ ಹೊತ್ತು ಬಿಟ್ಟು, ದನಿ ತಗ್ಗಿಸಿ, ತನ್ನ ಮನೆಯ ಮರಕ್ಕೂ ಅಂಥದೊಂದು ಹೆಣೆದುಕೊಡುತ್ತೀಯಾ ಎಂದು ಕೇಳಿದಳು.

"ಹೆಣೆದುಕೊಡಲ್ಲ. ಬೇಕಿದ್ರೆ ಕಲೀರಿ. ಮಂಗಳವಾರ ಬೆಳಿಗ್ಗೆ ಅತ್ತಿಗೆ ಮನೆಗೆ ಬನ್ನಿ. ನಾನು ಕಲಿಸ್ತೀನಿ, ಅತ್ತಿಗೆ ಬೈತಾರೆ."

"ನನ್ನ ಮನೆಗೆ ಕರೆಯೋಕೆ ನೀನ್ಯಾರೇ?" ಎಂದಳು ಪಕ್ಕದಲ್ಲೇ ನಿಂತಿದ್ದ ಆರ್ಡಿಸ್. ಬರ್ನೀಸ್ ಕಡೆ ತಿರುಗಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಬರೋದಾದ್ರೆ ಕೈ ತೊಳ್ಕೊಂಡು ಬನ್ನಿ. ನಿಮ್ಮ ಬೆರಳಲ್ಲಿ ಯಾವಾಗ ನೋಡಿದ್ರೂ ಬೆಣ್ಣೆ. ಬಿಳಿ ಉಣ್ಣೆಗೆ ಆಗಲ್ಲ."